ಮಧುಗಿರಿಯ ಬೆಳವಣಿಗೆಯೂ ವಿದ್ಯಾರ್ಥಿಗಳ ವಸತಿಯೂ

ತುಮಕೂರಿನಿಂದ ಕೊರಟಗೆರೆಯ ಮಾರ್ಗವಾಗಿ ಬಡಗಲಿಗೆ ಹೊರಟವರಿಗೆ ಮಧುಗಿರಿ ಪಟ್ಟಣವು ಗೋಚರವಾಗುವುದಕ್ಕೆ ಬಹು ಮುಂಚೆಯೇ ಅದರ ಬೆಟ್ಟವು ಗೋಚರವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 3,900 ಅಡಿಗಳೆತ್ತರಕ್ಕೆ ಎದ್ದು ನಿಂತಿರುವ ಆ ಏಕಶಿಲೆಯು ಏಷ್ಯಾ ಖಂಡದಲ್ಲಿಯೇ ಎರಡನೆಯದೆಂದು ಊರಿನವರು ಅಭಿಮಾನದಿಂದ ಹೇಳಿಕೊಳ್ಳುವರು. ಮೊದಲನೆಯದು ಯಾವುದೆಂದು ಕೇಳಿದರೆ ಸಾವನದುರ್ಗವೆಂದು ಸ್ವಲ್ಪ ತಗ್ಗಿದ ಸ್ವರದಲ್ಲಿ ಒಪ್ಪಿಕೊಳ್ಳುವರು. ಈ ಬೆಟ್ಟದ ಮೇಲೆ ಕೋಟೆ ಕಟ್ಟಿದ ಪಾಳೆಯಗಾರರೂ ಹೋದರು, ಅದನ್ನು ಭದ್ರಪಡಿಸಿದ ಹೈದರನೂ ಹೋದನು; ಬೆಟ್ಟವು ಹಾಗೆಯೇ ಇದೆ. ಬದಲಾಗಿರುವುದು ಅದರ ಬುಡ. ನಿನ್ನೆ ಮೊನ್ನೆಯವರೆಗೆ ಕಡಲೆಕಾಯಿ ಬಿತ್ತುತ್ತಿದ್ದ ಹೊಲಗಳಲ್ಲಿ ಈಗ ಕಲ್ಲು ನೆಟ್ಟು, ಕಲ್ಲಿಗೆ ಬಣ್ಣ ಬಳಿದು, "ನಿವೇಶನಗಳು ಮಾರಾಟಕ್ಕಿವೆ" ಎಂಬ ಹಲಗೆಗಳನ್ನು ರಸ್ತೆಯ ಇಕ್ಕೆಲಗಳಲ್ಲಿಯೂ ನಿಲ್ಲಿಸಿದ್ದಾರೆ. ಊರೊಳಕ್ಕೆ ಹೊಕ್ಕರೆ ಇನ್ನೊಂದು ಬಗೆಯ ಹಲಗೆ: "ವಿದ್ಯಾರ್ಥಿಗಳಿಗೆ ಕೊಠಡಿ ಬಾಡಿಗೆಗೆ ದೊರೆಯುತ್ತದೆ." ಈ ಎರಡು ಹಲಗೆಗಳಿಗೂ ಇರುವ ಸಂಬಂಧವನ್ನು ಕುರಿತು ಇಂದು ನಾಲ್ಕು ಮಾತು ಬರೆಯಬೇಕೆಂದು ನಮಗೆ ತೋರಿದೆ.

ವಾಚಕ ಮಹಾಶಯರಿಗೆ ವಿದಿತವಿರುವಂತೆ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ತುಮಕೂರು ಕಂದಾಯ ಜಿಲ್ಲೆಗೆ ಸೇರಿದವುಗಳಾದರೂ ವಿದ್ಯಾ ಇಲಾಖೆಯ ಲೆಕ್ಕದಲ್ಲಿ ಪ್ರತ್ಯೇಕವಾದ ಒಂದು ಶೈಕ್ಷಣಿಕ ಜಿಲ್ಲೆಯಾಗಿವೆ. ಮಧುಗಿರಿಯೇ ಅದರ ಕೇಂದ್ರಸ್ಥಾನ. ಎಸ್.ಎಸ್.ಎಲ್.ಸಿ. ಫಲಿತಾಂಶವು ಪ್ರಕಟವಾದಾಗಲೆಲ್ಲ ದೊಡ್ಡ ದೊಡ್ಡ ಜಿಲ್ಲೆಗಳ ಹೆಸರುಗಳ ಸಾಲಿನಲ್ಲಿ ಈ ಸಣ್ಣ ಊರಿನ ಹೆಸರೂ ನಿಂತಿರುವುದನ್ನು ನೋಡಿ ಇಲ್ಲಿಯವರು ಸಂತೋಷಪಡುವುದುಂಟು. ಕಂದಾಯದಲ್ಲಿಯೂ ಪ್ರತ್ಯೇಕ ಜಿಲ್ಲೆಯಾಗಬೇಕೆಂಬ ಬೇಡಿಕೆ ಬಹುಕಾಲದ್ದು. ಅದರ ವಿಚಾರ ಬೇರೆ. ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿಯೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ ಪದವಿಯೆಂಬುದು ಬೆಂಗಳೂರಿನ ಸೊತ್ತಾಗಿ ಉಳಿದಿಲ್ಲ. ಮಿಡಿಗೇಶಿಯ, ಪುರವರದ, ಐ.ಡಿ. ಹಳ್ಳಿಯ, ಕೊಡಿಗೇನಹಳ್ಳಿಯ ಒಕ್ಕಲು ಮಕ್ಕಳು ಇಂದು ರಸಾಯನಶಾಸ್ತ್ರವನ್ನೂ ವಾಣಿಜ್ಯಶಾಸ್ತ್ರವನ್ನೂ ಓದುತ್ತಿದ್ದಾರೆ. ಇದು ಸ್ವರಾಜ್ಯವು ಬಂದುದರಿಂದ ಆದ ನಿಜವಾದ ಲಾಭಗಳಲ್ಲೊಂದು. ಆದುದರಿಂದಲೇ ಆ ಲಾಭವು ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು ನೋಡಬೇಕಾದುದು ನಮ್ಮ ಕರ್ತವ್ಯ.

ಕಳೆದ ಪ್ರವೇಶದ ಕಾಲದಲ್ಲಿ ನಾವು ಕಾರ್ಯನಿಮಿತ್ತ ಮಧುಗಿರಿಗೆ ಹೋಗಿದ್ದಾಗ, ಬಸ್ ನಿಲ್ದಾಣದಲ್ಲಿ ಗಡಿಭಾಗದ ಹಳ್ಳಿಯ ರೈತರೊಬ್ಬರು ಮಗಳೊಂದಿಗೆ ಕುಳಿತಿದ್ದರು. ಪರಿಚಯದವರಲ್ಲ. ನಮ್ಮ ಕೈಯಲ್ಲಿದ್ದ ಪತ್ರಿಕೆಯನ್ನು ನೋಡಿ ಮಾತಿಗೆ ತೊಡಗಿದರು. ಹುಡುಗಿಗೆ ವಿಜ್ಞಾನದ ಪದವಿಗೆ ಪ್ರವೇಶ ದೊರೆತಿತ್ತು. ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆತಿರಲಿಲ್ಲ. ಕೊಠಡಿ ಹುಡುಕಬೇಕಾಗಿತ್ತು. ನಮಗೂ ಎರಡು ಗಂಟೆಯ ಬಿಡುವಿದ್ದುದರಿಂದ ಜೊತೆಗೆ ಹೊರಟೆವು.

ಮೊದಲನೆಯ ಮನೆಯಲ್ಲಿ ಬಾಡಿಗೆಯ ಮಾತೇ ಬರಲಿಲ್ಲ. ಬಾಗಿಲಿಗೆ ಬಂದ ಯಜಮಾನರು, "ತಾವು ಯಾವ ಜನ?" ಎಂದು ಕೇಳಿದರು. ರೈತರು ಹೇಳಿದರು. "ಈಗ ಖಾಲಿ ಇಲ್ಲ" ಎಂದು ಉತ್ತರ ಬಂತು. ಹಲಗೆ ಮಾತ್ರ ಗೋಡೆಯ ಮೇಲೆ ಹಾಗೆಯೇ ಇತ್ತು. ಎರಡನೆಯ ಮನೆಯಲ್ಲಿ ಒಂದು ಕೊಠಡಿಗೆ ನಾಲ್ಕು ಮಂಚ. ಕಿಟಕಿಯೊಂದೇ, ಅದೂ ಪಕ್ಕದ ಗೋಡೆಗೆ ಎದುರಾಗಿ. ಮೂರನೆಯದು ವೃದ್ಧೆಯೊಬ್ಬರ ಮನೆ. ಗಂಡ ಉಪಾಧ್ಯಾಯರಾಗಿದ್ದು ತೀರಿಕೊಂಡವರು. ಕೊಠಡಿ ಚೊಕ್ಕಟವಾಗಿತ್ತು, ಆಕೆಯ ಮಾತೂ ಮೃದುವಾಗಿತ್ತು. ಆದರೆ ಹತ್ತು ತಿಂಗಳ ಬಾಡಿಗೆ ಮುಂಗಡ.

"ಅಮ್ಮಾವರೇ, ಮುಂಗಡವೇ ಒಂದು ಬೆಳೆಯಾಯಿತು. ಬೆಳೆ ಬಂದರೆ ತಾನೆ?" ಎಂದರು ರೈತರು.

"ನಾನೇನು ಹೆಚ್ಚಾಗಿ ಕೇಳ್ತಾ ಇಲ್ಲಪ್ಪಾ. ಬೀದಿಯಲ್ಲಿರೋ ಬಾಡಿಗೇನೇ ನಾನೂ ಹೇಳಿದ್ದು. ಬೇಸಗೆಯಲ್ಲಿ ನೀರಿನ ಟ್ಯಾಂಕರಿಗೆ ನಾನೇ ಕೊಡಬೇಕು. ನನಗೂ ಔಷಧಿ, ಊಟ ಇದರಲ್ಲೇ ನಡೀಬೇಕು" ಎಂದರು ಆಕೆ.

ಇಬ್ಬರ ಮಾತಿನಲ್ಲಿಯೂ ಸುಳ್ಳಿರಲಿಲ್ಲ. ತಂದೆಯು ಹೆಗಲಿನ ವಸ್ತ್ರವನ್ನು ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಂಡರು. ಮಗಳು ಆ ಕೊಠಡಿಯನ್ನು ಇನ್ನೊಮ್ಮೆ ನೋಡಿದಳು. ನಿಲ್ದಾಣಕ್ಕೆ ಹಿಂದಿರುಗುವಾಗ ಆಕೆಯೇ, "ಬಸ್ಸಿನಲ್ಲಿ ಓಡಾಡ್ತೀನಿ ಬಿಡಪ್ಪ, ದುಡ್ಡಿಲ್ಲವಲ್ಲ" ಎಂದಳು.

ಆಕೆ ಹೇಳಿದುದು ಶಕ್ತಿ ಯೋಜನೆಯ ಮಾತು. 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ಸ್ತ್ರೀಯರಿಗೆ ಪ್ರಯಾಣವು ಉಚಿತವಾಯಿತು. ಇದನ್ನು ಹಾಸ್ಯಮಾಡಿದ ದೊಡ್ಡವರು ಹಲವರಿದ್ದಾರೆ. ಕೊಠಡಿಯ ಬಾಡಿಗೆ ತೆರಲಾರದ ಮನೆಯ ಹೆಣ್ಣುಮಕ್ಕಳಿಗೆ ಅದು ಕಾಲೇಜಿನ ಬಾಗಿಲನ್ನು ತೆರೆದಿಟ್ಟಿದೆ ಎಂಬುದನ್ನು ಅವರು ಬೆಳಗಿನ ಎಂಟು ಗಂಟೆಗೆ ಯಾವುದಾದರೂ ಹೋಬಳಿಯ ನಿಲ್ದಾಣದಲ್ಲಿ ನಿಂತು ನೋಡಬೇಕು. ಆದರೆ ಉಚಿತವಾದುದು ಟಿಕೀಟು ಮಾತ್ರ, ಹೊತ್ತಲ್ಲ. ವಿಜ್ಞಾನದ ಪ್ರಯೋಗಪಾಠವು ಮಧ್ಯಾಹ್ನ ಮೊದಲಾಗಿ ಸಂಜೆಗೆ ಮುಗಿಯುತ್ತದೆ. ಊರಿಗೆ ಹೋಗುವ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ, ಅದೂ ಬಂದರೆ. ಹೀಗಾಗಿ ಹಳ್ಳಿಯ ಹುಡುಗಿಯರು ಪ್ರಯೋಗಶಾಲೆಯಿಂದ ಅರ್ಧಕ್ಕೆ ಏಳುವರು, ಇಲ್ಲವೇ ವಿಜ್ಞಾನವನ್ನೇ ಬಿಟ್ಟು ಬಸ್ಸಿನ ಹೊತ್ತಿಗೆ ಹೊಂದುವ ವಿಷಯವನ್ನು ಆರಿಸಿಕೊಳ್ಳುವರು. ವಿದ್ಯಾರ್ಥಿಯ ಬುದ್ಧಿಗೆ ತಕ್ಕ ವಿದ್ಯೆಯೋ ಬಸ್ಸಿನ ವೇಳೆಗೆ ತಕ್ಕ ವಿದ್ಯೆಯೋ? ಹುಡುಗರಿಗಂತೂ ಟಿಕೀಟೂ ಉಚಿತವಲ್ಲ. 2025ರ ಜನವರಿಯಲ್ಲಿ ಬಸ್ಸಿನ ದರ ನೂರಕ್ಕೆ ಹದಿನೈದರಂತೆ ಏರಿತು. ರಿಯಾಯಿತಿಯ ಪಾಸು ಇದೆ, ನಿಜ. ಆದರೆ ಹುಡುಗರು ಬಾಗಿಲಿಗೆ ಜೋತುಬಿದ್ದು ಬರುವ ದೃಶ್ಯವನ್ನು ಯಾವ ಪಾಸೂ ತಪ್ಪಿಸಿಲ್ಲ.

ಇನ್ನು ಊರಿನಲ್ಲಿಯೇ ನಿಲ್ಲುವವರ ಸ್ಥಿತಿ. ನಂದಿನಿ ಹಾಲಿನ ಬೆಲೆ 2023ರ ಆಗಸ್ಟಿನಲ್ಲಿ ಲೀಟರಿಗೆ ಮೂರು ರೂಪಾಯಿ, 2025ರ ಏಪ್ರಿಲಿನಲ್ಲಿ ನಾಲ್ಕು ರೂಪಾಯಿ ಏರಿತು. ಹಾಲು ಕರೆಯುವ ಒಕ್ಕಲಿಗೆ ಅದರಲ್ಲಿ ಪಾಲಿದೆಯೆಂದು ನಾವು ಅದನ್ನು ದೂಷಿಸುವವರಲ್ಲ. ಅಡಿಗೆಯ ಎಣ್ಣೆ, ಅನಿಲ, ತರಕಾರಿ ಇವುಗಳ ಕಥೆ ಮನೆವಾರ್ತೆಯವರೆಲ್ಲ ಬಲ್ಲರು. ಆದರೂ ಊಟದ ವೆಚ್ಚವನ್ನು ಹಳ್ಳಿಯ ಮಕ್ಕಳು ಹೇಗೋ ತೂಗಿಸಿಕೊಳ್ಳುವರು: ಊರಿನಿಂದ ರಾಗಿಹಿಟ್ಟು, ಹುರುಳಿ, ಕಡಲೆಬೀಜದ ಗಂಟು ವಾರಕ್ಕೊಮ್ಮೆ ಬರುತ್ತದೆ. ಬಾಡಿಗೆಯನ್ನು ಗಂಟಿನಲ್ಲಿ ಕಟ್ಟಿ ತರುವಂತಿಲ್ಲ. ಸರ್ಕಾರಿ ಕಾಲೇಜಿನ ಶುಲ್ಕವು ಇಂದಿಗೂ ಬಡವನು ಹೊರಬಹುದಾದಷ್ಟೇ ಇದೆ. ಕಾಲೇಜಿನ ನಿಜವಾದ ಶುಲ್ಕವನ್ನು ವಸೂಲುಮಾಡುತ್ತಿರುವುದು ಕಾಲೇಜಲ್ಲ, ಅದರ ಸುತ್ತಲಿನ ಬೀದಿಗಳು.

ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ಮಕ್ಕಳಿಗೆಂದು 2013ರಲ್ಲಿ ವಿದ್ಯಾಸಿರಿ ಎಂಬ ಯೋಜನೆ ಬಂದಿತು. ಊಟಕ್ಕೂ ವಸತಿಗೂ ಸೇರಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು, ಅಂದರೆ ವರ್ಷಕ್ಕೆ 15,000 ರೂಪಾಯಿ ಎಂದು ಆಗ ಗೊತ್ತುಮಾಡಿದರು. ಯೋಚಿಸಿದವರ ಹೃದಯ ಒಳ್ಳೆಯದು. ಆದರೆ ಅಂಕಿಯು ಒಂದು ವರ್ಷದ್ದು, ಹಸಿವು ಪ್ರತಿ ವರ್ಷದ್ದು. ಸರ್ಕಾರಿ ನೌಕರರಿಗೆ ಬೆಲೆಯೇರಿಕೆಯ ಸೂಚ್ಯಂಕವನ್ನು ನೋಡಿ ತುಟ್ಟಿಭತ್ಯ ಹೆಚ್ಚಿಸುವ ಕ್ರಮವು ನಮ್ಮಲ್ಲಿ ಬೇರೂರಿದೆ. ವಿದ್ಯಾರ್ಥಿಗೆ ತುಟ್ಟಿಭತ್ಯವೆಂಬುದನ್ನು ಯಾರೂ ಕೇಳಿದವರಿಲ್ಲ. ಅವನಿಗೆ ಸಂಘವಿಲ್ಲ, ಮೂರು ವರ್ಷಗಳಲ್ಲಿ ಅವನು ಊರು ಬಿಟ್ಟು ಹೋಗುವನು.

ಊರು ಇಷ್ಟು ತ್ವರಿತವಾಗಿ ಬೆಳೆಯುತ್ತಿರುವುದಕ್ಕೆ ವಿದ್ಯಾರ್ಥಿಗಳು ಮಾತ್ರ ಕಾರಣರಲ್ಲ. 2020ರಲ್ಲಿ ಭೂಸುಧಾರಣೆಯ ಕಾಯಿದೆಯನ್ನು ತಿದ್ದಿ, ವ್ಯವಸಾಯಗಾರರಲ್ಲದವರೂ ವ್ಯವಸಾಯದ ಭೂಮಿಯನ್ನು ಕೊಳ್ಳಬಹುದೆಂದು ಮಾಡಿದರು. ಬೆಂಗಳೂರಿನಿಂದ ನೂರು ಕಿಲೋಮೀಟರಿನ ಆಚೀಚೆಯಲ್ಲಿರುವ ಈ ಸೀಮೆಗೆ ಆಗಿನಿಂದ ಶನಿವಾರ ಭಾನುವಾರಗಳಂದು ಕಾರುಗಳು ಬರತೊಡಗಿದವು. ವಸಂತನರಸಾಪುರದ ಕೈಗಾರಿಕಾ ಪ್ರದೇಶವು ಹಬ್ಬುತ್ತಿದೆ. ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರಿನ ಅಂಗವಾದ ತುಮಕೂರು ಕೈಗಾರಿಕಾ ನಗರಕ್ಕೆ 2023ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಯಿತು. ಶಿರಾ ನಗರವು ಬೆಂಗಳೂರು-ಪುಣೆ ಹೆದ್ದಾರಿಯ ಮಗ್ಗುಲಿನಲ್ಲಿ ಕುಳಿತು ಅದರ ಲಾಭವನ್ನುಣ್ಣುತ್ತಿದೆ. ಎಲ್ಲಕ್ಕಿಂತ ಹೆಚ್ಚಾಗಿ, ತುಮಕೂರು-ರಾಯದುರ್ಗ ರೈಲುಮಾರ್ಗ. ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಮುಟ್ಟಿ ಹೋಗಬೇಕಾದ 207 ಕಿಲೋಮೀಟರುಗಳ ಈ ಮಾರ್ಗವು 2007-08ರಲ್ಲಿ ಮಂಜೂರಾದುದು. ಮಂಜೂರಾದಾಗ ಹುಟ್ಟಿದ ಮಗು ಈಗ ಪದವಿ ಓದುತ್ತಿದೆ. ರೈಲು ಇನ್ನೂ ಮಧುಗಿರಿಗೆ ಬಂದಿಲ್ಲ. ಆದರೆ ರೈಲಿಗಿಂತ ಮೊದಲು ಅದರ ಬೆಲೆ ಬಂದಿದೆ. "ರೈಲ್ವೆ ನಿಲ್ದಾಣಕ್ಕೆ ಸಮೀಪ" ಎಂಬ ಮಾತಿನಿಂದ ನಿವೇಶನಗಳನ್ನು ಮಾರುವವರಿಗೆ ನಿಲ್ದಾಣವು ಇರಬೇಕೆಂಬ ನಿರ್ಬಂಧವಿಲ್ಲ.

ಪಾವಗಡದ ನಿದರ್ಶನವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಮಳೆಯನ್ನೇ ನಂಬಿದ, ಫ್ಲೋರೈಡು ಬೆರೆತ ಕೊಳವೆಬಾವಿಯ ನೀರಿನಿಂದ ಹಲ್ಲು ಮೂಳೆಗಳನ್ನು ಕೆಡಿಸಿಕೊಂಡ ಆ ತಾಲ್ಲೂಕಿನಲ್ಲಿ, ತಿರುಮಣಿ, ಬಳಸಮುದ್ರ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್ ಶಕ್ತಿಯ ಸೌರ ಉದ್ಯಾನವು ತಲೆಯೆತ್ತಿತು. 2018ರಲ್ಲಿ ಅದರ ಉದ್ಘಾಟನೆಯಾಯಿತು. ಭೂಮಿಯನ್ನು ಕಸಿದುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಹಿಡಿದುದು ಶ್ಲಾಘ್ಯವಾದ ಕ್ರಮವೆಂದು ಆಗಲೂ ಎಲ್ಲರೂ ಹೊಗಳಿದರು, ಈಗಲೂ ನಾವು ಹೊಗಳುವೆವು. ಹತ್ತು ಎಕರೆಯುಳ್ಳವನಿಗೆ ಮಳೆಯ ಹಂಗಿಲ್ಲದ ವರಮಾನ ಬಂದಿತು. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವನಿಗೆ ಗುತ್ತಿಗೆಯ ಪತ್ರದಲ್ಲಿ ಸ್ಥಾನವಿರಲಿಲ್ಲ. ಅವನ ಹೆಸರಿನಲ್ಲಿ ಭೂಮಿಯೇ ಇರಲಿಲ್ಲವಲ್ಲ! ಪೇಟೆಯ ಧಾರಣೆಗೆ ಮಾತ್ರ ಈ ಭೇದ ತಿಳಿಯದು. ಗುತ್ತಿಗೆಯ ಹಣ ಪಡೆದವನಿಗೂ ಕೂಲಿ ಕಳೆದುಕೊಂಡವನಿಗೂ ಒಂದೇ ಬೆಲೆಗೆ ಅಕ್ಕಿ, ಒಂದೇ ಬೆಲೆಗೆ ಬಾಡಿಗೆ. ಮಧುಗಿರಿಯಲ್ಲಿ ಆಗುತ್ತಿರುವುದೂ ಇದೇ. ಬೆಳವಣಿಗೆಯೆಂಬುದು ಆಸ್ತಿಯುಳ್ಳವನಿಗೆ ವರಮಾನವಾಗಿಯೂ ಇಲ್ಲದವನಿಗೆ ವೆಚ್ಚವಾಗಿಯೂ ಒಂದೇ ದಿನ ಮನೆಗೆ ಬರುತ್ತದೆ.

ಊರುಗಳು ಬೆಳೆಯುವುದೂ ಅಳಿಯುವುದೂ ಈ ಸೀಮೆಗೆ ಹೊಸದಲ್ಲ. 1687ರಲ್ಲಿ ಮೊಗಲರು ಶಿರಾವನ್ನು ಒಂದು ಸುಬಾದ ರಾಜಧಾನಿಯನ್ನಾಗಿ ಮಾಡಿಕೊಂಡರು. ದಿಲಾವರ್ ಖಾನನ ಕಾಲದಲ್ಲಿ ಅಲ್ಲಿ ಐವತ್ತು ಸಾವಿರ ಮನೆಗಳಿದ್ದುವೆಂದು ರೈಸ್ ಸಾಹೇಬರ ಗೆಜೆಟಿಯರಿನಲ್ಲಿ ಬರೆದಿದೆ. ಟಿಪ್ಪುವು ಅಲ್ಲಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಮಿಗೆ ಎಬ್ಬಿಸಿಕೊಂಡು ಹೋದನೆಂದೂ ಅದೇ ಗ್ರಂಥ ಹೇಳುತ್ತದೆ. ಆಗ ಜನರನ್ನು ಊರು ಬಿಡಿಸುವುದಕ್ಕೆ ದಂಡು ಬೇಕಾಗಿತ್ತು. ಈಗ ಬಾಡಿಗೆ ಸಾಕು.

ಪರಸ್ಥಳದ ವಿದ್ಯಾರ್ಥಿಯನ್ನು ನಮ್ಮ ನಾಡು ಹೇಗೆ ನಡೆಸಿಕೊಳ್ಳುತ್ತಿತ್ತು? ನಮ್ಮ ತಂದೆಯವರು ವಾರಾನ್ನದಲ್ಲಿ ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಗುರುವಾರದ ಮನೆಯವರು ಊರಿಗೆ ಹೋದರೆ ಅಂದು ನೀರು ಕುಡಿದು ಮಲಗುವುದು. ಮಲಗುವುದಕ್ಕೆ ದೇವಸ್ಥಾನದ ಜಗುಲಿ. ಅದರ ಗುಣಗಾನ ಮಾಡುವವರು ಅದರ ದೋಷವನ್ನೂ ಹೇಳಬೇಕು: ವಾರಾನ್ನವು ಜಾತಿಯ ಹೊಸ್ತಿಲನ್ನು ದಾಟಿದುದಲ್ಲ. ಉಂಡವರು ಕೆಲವರು, ಬಾಗಿಲ ಹೊರಗೆ ನಿಂತವರು ಬಹುಮಂದಿ. ಅದಕ್ಕಾಗಿಯೇ ದೂರದೃಷ್ಟಿಯುಳ್ಳವರು ವಿದ್ಯಾರ್ಥಿನಿಲಯಗಳನ್ನು ಕಟ್ಟಿದರು. ಪತ್ರಿಕಾವೃತ್ತಿಯಲ್ಲಿ ನಮಗೆಲ್ಲ ಪಿತಾಮಹರಾದ ತಾತಯ್ಯ ವೆಂಕಟಕೃಷ್ಣಯ್ಯನವರು ಮೈಸೂರಿನಲ್ಲಿ ಬಡಮಕ್ಕಳಿಗಾಗಿ ಅನಾಥಾಲಯವನ್ನು ಸ್ಥಾಪಿಸಿದರು. 'ಸಾಧ್ವಿ' ಪತ್ರಿಕೆಯಲ್ಲಿ ಬರೆದ ಕೈಯೇ ಅಕ್ಕಿಯ ಲೆಕ್ಕವನ್ನೂ ಬರೆಯಿತು. ನಮ್ಮ ಜಿಲ್ಲೆಯಲ್ಲಿಯೇ ಸಿದ್ಧಗಂಗೆಯಿದೆ. 1941ರಲ್ಲಿ ಮಠದ ಹೊಣೆ ಹೊತ್ತು 2019ರ ಜನವರಿ 21ರಂದು ನೂರಹನ್ನೊಂದನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಚಾಪೆಯನ್ನೂ ಕೊಟ್ಟರು. ಅಲ್ಲಿಂದ ಐವತ್ತು ಕಿಲೋಮೀಟರಿನೊಳಗೆ, ಈ ಶತಮಾನದಲ್ಲಿ, "ತಾವು ಯಾವ ಜನ?" ಎಂಬ ಪ್ರಶ್ನೆಯನ್ನು ನಮ್ಮ ಕಿವಿಯಾರ ಕೇಳಿದೆವು.

ಕಾನೂನು ಇದೆಯಲ್ಲ ಎಂದು ಕೆಲವರು ಹೇಳಬಹುದು. 1961ರ ಬಾಡಿಗೆ ನಿಯಂತ್ರಣ ಶಾಸನದ ಸ್ಥಾನದಲ್ಲಿ 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ಬಂದಿತು. ಅದರಲ್ಲಿ ದೊಡ್ಡ ನಗರಗಳಿಗೆ ತಿಂಗಳಿಗೆ 3,500, ಇತರ ಸ್ಥಳಗಳಿಗೆ 2,000 ರೂಪಾಯಿಯ ಮಿತಿಯನ್ನಿಟ್ಟು, ಅದನ್ನು ಮೀರಿದ ಬಾಡಿಗೆಯ ಕಟ್ಟಡಗಳನ್ನು ರಕ್ಷಣೆಯಿಂದ ಹೊರಗಿಟ್ಟರು. ಆ ಶತಮಾನದ 2,000 ರೂಪಾಯಿಗೆ ಈ ಶತಮಾನದಲ್ಲಿ ಏನು ಬರುತ್ತದೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ. ತೆರಿಗೆಯವರ ದೃಷ್ಟಿಯೂ ವಿದ್ಯಾರ್ಥಿಯ ಮೇಲೆ ಬೀಳದೆ ಇರಲಿಲ್ಲ: ವಸತಿನಿಲಯಗಳ ಬಾಡಿಗೆಗೆ ಸರಕು ಸೇವಾ ತೆರಿಗೆ ಸಲ್ಲತಕ್ಕದ್ದೆಂದು ಕರ್ನಾಟಕದ ಮುಂಗಡ ನಿರ್ಣಯ ಪ್ರಾಧಿಕಾರವು 2023ರಲ್ಲಿ ಹೇಳಿತು. 2024ರ ಜೂನ್ 22ರ ಸಭೆಯಲ್ಲಿ ತೆರಿಗೆ ಮಂಡಲಿಯು ತೊಂಬತ್ತು ದಿನ ಎಡೆಬಿಡದೆ ವಾಸಿಸುವವರ, ತಿಂಗಳಿಗೆ 20,000 ರೂಪಾಯಿ ಮೀರದ ವಸತಿಗೆ ವಿನಾಯಿತಿಯನ್ನು ಶಿಫಾರಸು ಮಾಡಿದ ಮೇಲೆ ಆ ಭೀತಿ ತೊಲಗಿತು. ಒಂದು ಕಂಟಕ ನಿವಾರಣೆಯಾಯಿತೆಂದು ಸಂತೋಷಪಡೋಣ. ಬಾಡಿಗೆ ಅದರಿಂದ ಒಂದು ಕಾಸೂ ಇಳಿಯಲಿಲ್ಲ.

ನೀರಿನ ಮಾತನ್ನು ಆ ವೃದ್ಧೆಯೇ ಎತ್ತಿದ್ದರು. ಮಧುಗಿರಿಗೆ ಕುಡಿಯುವ ನೀರು ಬರತಕ್ಕದ್ದು ಸಿದ್ದಾಪುರದ ಕೆರೆಯಿಂದ. ಆ ಕೆರೆಗೆ ಹೇಮಾವತಿಯ ನೀರನ್ನು ಹರಿಸಬೇಕು. ಹೇಮಾವತಿಗೆ ಹಕ್ಕುದಾರರು ಹಲವರು. 2024ರ ಸೆಪ್ಟೆಂಬರಿನಲ್ಲಿ ಎತ್ತಿನಹೊಳೆಯ ಮೊದಲನೆಯ ಹಂತವು ಸಕಲೇಶಪುರದಲ್ಲಿ ಉದ್ಘಾಟಿತವಾದಾಗ ಇಲ್ಲಿಯವರೂ ಆಶೆಯಿಂದ ಪಶ್ಚಿಮಕ್ಕೆ ನೋಡಿದರು. ಆ ನೀರು ಬರುವವರೆಗೆ ಬೇಸಗೆಯಲ್ಲಿ ಟ್ಯಾಂಕರೇ ಗತಿ, ಟ್ಯಾಂಕರಿನ ಬಾಡಿಗೆ ಕೊಠಡಿಯ ಬಾಡಿಗೆಯೊಳಕ್ಕೆ ಸೇರುವುದೇ ಗತಿ. ಇದಕ್ಕೆ ಇನ್ನೊಂದು ವಿಚಿತ್ರ ಸೇರಿದೆ. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ಆಗ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಎಣಿಕೆಯ ದಿನವೆಂದು ಗೊತ್ತುಮಾಡಿದರು. ಹೀಗಾಗಿ ಈ ಎಲ್ಲ ಬೆಳವಣಿಗೆಗೂ ಪುರಸಭೆಯ ಕೈಯಲ್ಲಿದ್ದ ಅಳತೆಗೋಲು 2011ರದು. ಆ ವರ್ಷ ತೊಟ್ಟಿಲಲ್ಲಿದ್ದ ಮಕ್ಕಳು ಈಗ ಕಾಲೇಜಿನ ಹೊಸ್ತಿಲಿಗೆ ಬಂದಿದ್ದಾರೆ.

ಮನೆ ಮಾಲೀಕರನ್ನು ದೂರಿ ಪ್ರಯೋಜನವಿಲ್ಲ. ಅವರಲ್ಲಿ ಆ ವೃದ್ಧೆಯಂಥವರೇ ಹೆಚ್ಚಾಗಿದ್ದಾರೆ. ಅವರ ಬಾಡಿಗೆಯನ್ನು ಕಾನೂನಿನಿಂದ ಕಟ್ಟಿಹಾಕಿದರೆ ಅವರು ಕೊಠಡಿಯನ್ನು ಅಂಗಡಿಗೆ ಕೊಡುವರು. ಕೊಠಡಿಗಳು ಕಡಮೆಯಿರುವವರೆಗೆ ಬಾಡಿಗೆ ಇಳಿಯದು, "ಯಾವ ಜನ?" ಎಂದು ಕೇಳುವವನ ಗರ್ವವೂ ಇಳಿಯದು. ಸಾರ್ವಜನಿಕರ ಸ್ವಂತ ಕೊಠಡಿಗಳು ಬೇಕು. ಪಟ್ಟಣದ ಸುತ್ತ ಸರ್ಕಾರಕ್ಕೆ ಸೇರಿದ ಭೂಮಿ ಎಲ್ಲೆಲ್ಲಿ ಉಳಿದಿದೆಯೋ ಅದರಲ್ಲಿ ಒಂದು ಭಾಗವನ್ನು, ರೈಲು ಬಂದು ಅದರ ಬೆಲೆ ಇನ್ನೂ ಏರುವುದಕ್ಕೆ ಮುಂಚೆಯೇ, ವಿದ್ಯಾರ್ಥಿಗಳ ವಸತಿಗೆಂದು ಪಹಣಿಯಲ್ಲಿ ನಮೂದಿಸಿಡಬೇಕು. ಕಟ್ಟಡವು ಇಂದಲ್ಲದಿದ್ದರೆ ನಾಲ್ಕು ವರ್ಷಕ್ಕೆ ಎದ್ದೀತು. ಭೂಮಿಯು ಕೈಬಿಟ್ಟರೆ ಎಂದಿಗೂ ದೊರೆಯದು. ನಿವೇಶನಗಳ ಬಡಾವಣೆಗೆ ಅನುಮತಿ ಕೊಡುವಾಗ ಉದ್ಯಾನಕ್ಕೂ ರಸ್ತೆಗೂ ಸ್ಥಳ ಬಿಡಿಸುವಂತೆ ಇದಕ್ಕೂ ಒಂದು ಪಾಲು ಬಿಡಿಸಬಾರದೇಕೆ? ಅಂಥ ನಿಲಯದಲ್ಲಿ ಪೂರ್ತಿ ಉಚಿತವಾಗಿಯೇ ಇರಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಕಟ್ಟಿದ ವೆಚ್ಚಕ್ಕೆ ತಕ್ಕಷ್ಟು ಬಾಡಿಗೆಯನ್ನು ರೈತರೂ ಕೊಡುವರು, ಮುಂಗಡವೊಂದಿರಬಾರದು.

ಇದು ನಾಲ್ಕು ವರ್ಷದ ಕೆಲಸ. ನಾಲ್ಕು ದಿನದ ಕೆಲಸವೂ ಒಂದಿದೆ. ಕಾಲೇಜಿನ ಪ್ರಾಂಶುಪಾಲರೂ ಸಾರಿಗೆ ಸಂಸ್ಥೆಯ ಘಟಕದ ವ್ಯವಸ್ಥಾಪಕರೂ ಒಂದು ಮಧ್ಯಾಹ್ನ ಒಟ್ಟಿಗೆ ಕುಳಿತು, ಪ್ರಯೋಗಪಾಠ ಮುಗಿಯುವ ವೇಳೆಯನ್ನೂ ಹೋಬಳಿಗಳಿಗೆ ಹೊರಡುವ ಬಸ್ಸುಗಳ ವೇಳೆಯನ್ನೂ ಎದುರುಬದುರಾಗಿ ಇಟ್ಟುಕೊಂಡು ನೋಡಲಿ. ಅದಕ್ಕೆ ಮಂತ್ರಿಮಂಡಲದ ಅಪ್ಪಣೆ ಬೇಕಾಗಿಲ್ಲ. ಸಂಜೆ ಹೊರಡುವ ಒಂದೊಂದು ಬಸ್ಸನ್ನು ಅರ್ಧ ಗಂಟೆ ಹಿಂದೂಡಿದರೆ ಎಷ್ಟು ಮಕ್ಕಳು ಪೂರ್ತಿ ಪಾಠ ಕೇಳಿ ಮನೆ ಸೇರಬಹುದೆಂಬುದನ್ನು ಹಾಜರಿ ಪುಸ್ತಕವೇ ಹೇಳುತ್ತದೆ.

ಆ ರೈತರು ಹೊರಡುವಾಗ ನಮ್ಮ ಪತ್ರಿಕೆಯನ್ನು ಕೇಳಿ ತೆಗೆದುಕೊಂಡು ಹೋದರು. ಬಸ್ಸಿನ ವೇಳೆಯೇನಾದರೂ ಅದರಲ್ಲಿ ಬರುವುದೋ ಎಂದು ಮಗಳು ಕೇಳಿದಳು. ಬರುವುದಿಲ್ಲವೆಂದು ಹೇಳಬೇಕಾಯಿತು. ಮುಂದಿನ ವಾರದಿಂದ ಮಧುಗಿರಿಯಿಂದ ಹೋಬಳಿಗಳಿಗೆ ಹೊರಡುವ ಸಂಜೆಯ ಬಸ್ಸುಗಳ ವೇಳಾಪಟ್ಟಿಯನ್ನು ಇದೇ ಪುಟದ ಬುಡದಲ್ಲಿ ಅಚ್ಚುಮಾಡಿಸಲಾಗುವುದು. ಅದರಂತೆ ಬಸ್ಸು ಬಾರದಿದ್ದ ದಿನವನ್ನು ವಿದ್ಯಾರ್ಥಿಗಳು ಒಂದು ಕಾಗದದಲ್ಲಿ ಬರೆದು ನಮ್ಮ ಕಛೇರಿಗೆ ತಲಪಿಸಿದರೆ ಅದನ್ನೂ ಪಕ್ಕದಲ್ಲಿಯೇ ಅಚ್ಚುಮಾಡಿಸುವೆವು.